ಕೆ. ವಿ. ಅಯ್ಯರ್: ಅಂಗಸಾಧಕ, ಗುರು, ಕಾದಂಬರಿಕಾರ

ಕರ್ನಾಟಕದಲ್ಲಿ ದೇಹದಾರ್ಢ್ಯವನ್ನು, ಎಂದರೆ ಸ್ನಾಯುಗಳನ್ನು ಕ್ರಮಬದ್ಧವಾಗಿ ಬೆಳೆಸಿ ಮೈಕಟ್ಟನ್ನು ರೂಪಿಸುವ ವಿದ್ಯೆಯನ್ನು, ಶಾಸ್ತ್ರೀಯ ಶಿಸ್ತಾಗಿ ನೆಲೆಗೊಳಿಸಿದವರಲ್ಲಿ ಕೋಲಾರ ವೆಂಕಟೇಶ ಅಯ್ಯರ್ (ನಿಧನ: 1980) ಅಗ್ರಗಣ್ಯರು. ಗರಡಿಯ ದಂಡ, ಬೈಠಕ್‌ಗಳನ್ನೂ ಸೂರ್ಯನಮಸ್ಕಾರವನ್ನೂ ಅವರು ತಮ್ಮ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್‌ನೊಂದಿಗೆ, ಅಂದರೆ ಎರಡು ತುದಿಗಳಿಗೂ ತೂಕದ ಬಿಲ್ಲೆಗಳನ್ನು ಸಿಕ್ಕಿಸಿದ ಕಬ್ಬಿಣದ ಸರಳಿನೊಂದಿಗೆ, ಬೆಸೆದರು. ಉಳಿದ ಸ್ನಾಯುಗಳನ್ನು ಸಡಿಲಬಿಟ್ಟು ಬೇಕಾದ ಒಂದನ್ನಷ್ಟೇ ಬಿಗಿಹಿಡಿದು ಉಬ್ಬಿಸುವ ಸ್ನಾಯುನಿಯಂತ್ರಣವು ಬರಿಯ ಬಲಕ್ಕಿಂತ ಮನಸ್ಸಿನ ಏಕಾಗ್ರತೆಯನ್ನು ಬೇಡುವ ಕಲೆಯಾಗಿದ್ದು, ಅದರಲ್ಲಿ ಅವರು ಪಡೆದಿದ್ದ ಪ್ರಭುತ್ವ ನಿಜಕ್ಕೂ ಅಸಾಧಾರಣವಾದುದು. ‘ಮಸಲ್ ಕಲ್ಟ್’ (1930), ‘ಸೂರ್ಯನಮಸ್ಕಾರ್’ (1937) ಮೊದಲಾದ ಇಂಗ್ಲಿಷ್ ಪುಸ್ತಕಗಳನ್ನು ಬರೆದ ಅವರು, ವ್ಯಾಯಾಮಶಾಲೆಗೆ ಬರಲಾಗದ ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತರಾಗಿದ್ದ ಅಯ್ಯರ್, ‘ರವಿ ಕಲಾವಿದರು’ ನಾಟಕ ತಂಡವನ್ನು ಕಟ್ಟಿದ್ದಲ್ಲದೆ, ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಕಾದಂಬರಿಯಿಂದ ಕನ್ನಡ ಸಾಹಿತ್ಯದಲ್ಲೂ ಶಾಶ್ವತ ಸ್ಥಾನ ಗಳಿಸಿದ್ದಾರೆ.