ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಂಬಳಿ: ಏಷ್ಯಾದ ಮಾರುಕಟ್ಟೆಗಳಲ್ಲಿ ಹೆಸರು ಮತ್ತು ವಿನ್ಯಾಸಗಳ ರಕ್ಷಣೆ

ಮೊಳಕಾಲ್ಮೂರು ಸೀರೆಯು ಭೌಗೋಳಿಕ ಸೂಚಕವಾಗಿ, ಅಂದರೆ ಬಳಕೆಯ ಮಾತಿನಲ್ಲಿ ಜಿ.ಐ. ಎಂದು ಕರೆಯಲಾಗುವ ಹಕ್ಕಿನಡಿ, 2011ರಲ್ಲಿ ನೋಂದಣಿಯಾಗಿರುತ್ತದೆ. ಹೀಗಾಗಿ ಈ ಹೆಸರು ಎಲ್ಲೆಡೆಯೂ ಸುರಕ್ಷಿತವೆಂಬ ಭಾವನೆ ಮೂಡುವುದು ಸಹಜ. ಆದರೆ ಸದರಿ ನೋಂದಣಿಯು ಭಾರತದ ಗಡಿಯೊಳಗೆ ಮಾತ್ರ ಅನ್ವಯಿಸುತ್ತದೆ. ದುಬೈನ ಅಥವಾ ಕ್ವಾಲಾಲಂಪುರದ ಅಂಗಡಿಯಲ್ಲಿ ವಿದ್ಯುತ್ ಮಗ್ಗದ ಸೀರೆಯನ್ನು ಇದೇ ಹೆಸರಿನಲ್ಲಿ ಮಾರಾಟ ಮಾಡಿದಲ್ಲಿ, ಭಾರತದ ಕಾಯ್ದೆಯಡಿ ಅಲ್ಲಿ ಕ್ರಮ ಜರುಗಿಸಲು ಅವಕಾಶವಿಲ್ಲ. ಆಯಾ ದೇಶದ ಕಾನೂನೇ ಆಧಾರ. ಆದುದರಿಂದ ಮಾದರಿ ಸೀರೆ ಹೊರದೇಶಕ್ಕೆ ಹೋಗುವ ಮುನ್ನವೇ ಈ ಕೆಳಕಂಡ ವಿಷಯಗಳತ್ತ ಗಮನಹರಿಸುವುದು ಅವಶ್ಯಕ.

ಸ್ವದೇಶದಲ್ಲಿ ಮೊದಲ ಹೆಜ್ಜೆ

ಭೌಗೋಳಿಕ ಸೂಚಕಗಳ ಕಾಯ್ದೆ 1999, ದಿನಾಂಕ 15.09.2003ರಿಂದ ಜಾರಿಯಲ್ಲಿದೆ. ಇದರ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಹೆಸರು ನೋಂದಣಿಯಾದ ಮಾತ್ರಕ್ಕೆ ಪ್ರತಿಯೊಬ್ಬ ನೇಕಾರನಿಗೂ ಕಾನೂನಿನ ಹಕ್ಕು ತಾನಾಗಿ ಬರುವುದಿಲ್ಲ. ನೇಕಾರನು ‘ಅಧಿಕೃತ ಬಳಕೆದಾರ’ನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಜಿ.ಐ.-3 ನಮೂನೆಯಲ್ಲಿ, ತಾನು ಸದರಿ ಸೀರೆಯ ಉತ್ಪಾದಕನೆಂಬ ವಿವರಣೆಯೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. 2020ರ ತಿದ್ದುಪಡಿ ನಿಯಮಗಳ ಮೂಲಕ ಇದರ ಶುಲ್ಕವನ್ನು ರೂ. 500ರಿಂದ ರೂ. 10ಕ್ಕೆ ಇಳಿಸಲಾಯಿತು, ನೋಂದಾಯಿತ ಮಾಲೀಕ ಸಂಸ್ಥೆಯೊಂದಿಗೆ ಜಂಟಿಯಾಗಿ ಅರ್ಜಿ ಹಾಕಬೇಕೆಂಬ ನಿಬಂಧನೆಯನ್ನೂ ಕೈಬಿಡಲಾಯಿತು. ನೋಂದಣಿಯ ಅವಧಿ 10 ವರ್ಷ. ಮೂಲ ಸೂಚಕದ ಅವಧಿ ಅದಕ್ಕೂ ಮುನ್ನ ಮುಗಿದರೆ ಬಳಕೆದಾರನ ನೋಂದಣಿಯೂ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮೂಲ ಸೂಚಕದ ನವೀಕರಣದ ದಿನಾಂಕವನ್ನು ಚೆನ್ನೈ ಕಚೇರಿಯ ವೆಬ್‌ಸೈಟ್‌ನಲ್ಲಿ ಪರಿಶೀಲಿಸಿಕೊಳ್ಳುವುದು ಒಳಿತು.

ಚಳ್ಳಕೆರೆಯ ಕರಿ ಕಂಬಳಿ ನೇಯುವವರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಸ್ಥಳೀಯ ಕುರಿಯ ಬಣ್ಣ ಹಾಕದ ಉಣ್ಣೆ, ಹುಣಸೆ ಬೀಜದ ಗಂಜಿ, ಕೈಮಗ್ಗ ಇತ್ಯಾದಿ ವಿಶೇಷಗಳೇ ಇಂತಹ ಅರ್ಜಿಯ ತಿರುಳು. ಹೊಸ ಸೂಚಕಕ್ಕೆ ಒಬ್ಬ ವ್ಯಕ್ತಿ ಅರ್ಜಿ ಸಲ್ಲಿಸುವಂತಿಲ್ಲ. ಉತ್ಪಾದಕರ ಸಂಘ ಅಥವಾ ಪ್ರಾಧಿಕಾರವೇ ಸಲ್ಲಿಸಬೇಕು.

ಹೊರದೇಶದಲ್ಲಿ ಊರಿನ ಹೆಸರು

ದೇಶದಿಂದ ದೇಶಕ್ಕೆ ನಿಯಮ ಭಿನ್ನ. ಥಾಯ್ಲೆಂಡ್, ಮಲೇಷ್ಯಾ ಮತ್ತು ಇಂಡೋನೇಷ್ಯಾಗಳ ಭೌಗೋಳಿಕ ಸೂಚಕ ಕಾನೂನುಗಳಲ್ಲಿ ಕರಕುಶಲ ವಸ್ತುಗಳಿಗೂ ಸ್ಥಾನವಿದೆ. ಸಿಂಗಪುರದ ನೋಂದಣಿ ಪುಸ್ತಕವು 2019ರಲ್ಲಿ ತೆರೆದಿದ್ದರೂ ಅದು ಮದ್ಯ, ಕೃಷಿ ಉತ್ಪನ್ನ ಹಾಗೂ ಆಹಾರ ಪದಾರ್ಥಗಳಿಗೆ ಸೀಮಿತ. ಜಪಾನಿನ ಕಾನೂನೂ ಕೃಷಿ ಮತ್ತು ಆಹಾರ ವಸ್ತುಗಳಿಗಾಗಿಯೇ ರೂಪಿತವಾದದ್ದು. ಅಲ್ಲಿ ನೇಯ್ದ ಸೀರೆಗೆ ವಾಣಿಜ್ಯ ಚಿಹ್ನೆಯ ದಾರಿಯನ್ನೇ ಹಿಡಿಯಬೇಕು. ಇಂತಹ ಅರ್ಜಿಗಳು ಬಿಡಿ ನೇಕಾರನ ಶಕ್ತಿಗೆ ಮೀರಿದವು. ನೋಂದಾಯಿತ ಮಾಲೀಕ ಸಂಸ್ಥೆಗೆ ಸಂಘದ ಮೂಲಕ ಮನವಿ ಸಲ್ಲಿಸುವುದೇ ಸೂಕ್ತ.

ಸ್ವಂತ ಚಿಹ್ನೆ

ಊರಿನ ಹೆಸರನ್ನೇ ತನ್ನ ಸ್ವಂತ ಚಿಹ್ನೆಯಾಗಿ ಪಡೆಯಲು ಒಬ್ಬ ವ್ಯಾಪಾರಿಗೆ ಸಾಮಾನ್ಯವಾಗಿ ಸಾಧ್ಯವಿಲ್ಲ. ಆದರೆ ಅಂಗಡಿಯ ಹೆಸರು, ಲಾಂಛನ ಮುಂತಾದವನ್ನು ವಾಣಿಜ್ಯ ಚಿಹ್ನೆಯಾಗಿ ನೋಂದಾಯಿಸಬಹುದು. ಸೀರೆಗಳು 25ನೇ ವರ್ಗಕ್ಕೂ ಹಾಸಿಗೆಯ ಕಂಬಳಿಗಳು 24ನೇ ವರ್ಗಕ್ಕೂ ಸೇರುತ್ತವೆ. 2017ರ ನಿಯಮಗಳಂತೆ ವ್ಯಕ್ತಿಗಳು ಹಾಗೂ ಸಣ್ಣ ಉದ್ದಿಮೆಗಳು ಆನ್‌ಲೈನ್ ಮೂಲಕ ಸಲ್ಲಿಸುವ ಅರ್ಜಿಗೆ ಪ್ರತಿ ವರ್ಗಕ್ಕೆ ರೂ. 4,500 ಶುಲ್ಕವಿರುತ್ತದೆ.

ಭಾರತವು 08.07.2013ರಿಂದ ಮ್ಯಾಡ್ರಿಡ್ ಒಪ್ಪಂದದ ಸದಸ್ಯ ರಾಷ್ಟ್ರ. ಇದರಡಿ ಭಾರತದ ಅರ್ಜಿಯ ಆಧಾರದ ಮೇಲೆ ಒಂದೇ ಅರ್ಜಿಯಲ್ಲಿ ಚೀನಾ, ಜಪಾನ್, ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾ, ಸಂಯುಕ್ತ ಅರಬ್ ಎಮಿರೇಟ್ಸ್ ಮೊದಲಾದ ದೇಶಗಳನ್ನು ಹೆಸರಿಸಬಹುದು. ಕಪ್ಪು-ಬಿಳುಪು ಚಿಹ್ನೆಯ ಮೂಲ ಶುಲ್ಕ 653 ಸ್ವಿಸ್ ಫ್ರಾಂಕ್. ದೇಶವಾರು ಶುಲ್ಕ ಪ್ರತ್ಯೇಕ. ಸಣ್ಣ ವ್ಯಾಪಾರಿಗೆ ಇದು ಹಗುರವಾದ ಹೊರೆಯಲ್ಲ. ಆದಕಾರಣ ನಿಜವಾಗಿ ಬೇಡಿಕೆಯಿರುವ ಒಂದೆರಡು ದೇಶಗಳನ್ನಷ್ಟೇ ಆರಿಸಿಕೊಳ್ಳಬೇಕು. ಮೊದಲ 5 ವರ್ಷಗಳಲ್ಲಿ ಭಾರತದ ಮೂಲ ನೋಂದಣಿ ಬಿದ್ದುಹೋದರೆ ಅಂತರರಾಷ್ಟ್ರೀಯ ನೋಂದಣಿಯೂ ಬೀಳುತ್ತದೆ ಎಂಬುದನ್ನು ಮರೆಯಬಾರದು. ಚೀನಾ ಅರ್ಜಿಯು ಹಾಂಗ್‌ಕಾಂಗ್‌ಗೆ ಅನ್ವಯಿಸುವುದಿಲ್ಲ.

ಏಜೆಂಟರ ವಿಷಯದಲ್ಲಿ ಎಚ್ಚರ

ಹಾನಿಗೆ ಹೆಚ್ಚು ದಾರಿಯಾಗುವುದು ಅಪರಿಚಿತ ನಕಲುಗಾರನಿಗಿಂತ ಪರಿಚಿತ ಖರೀದಿದಾರನಿಂದ. ಚೀನಾ, ಇಂಡೋನೇಷ್ಯಾಗಳಲ್ಲಿ ಮೊದಲು ಅರ್ಜಿ ಹಾಕಿದವನಿಗೇ ಚಿಹ್ನೆಯ ಹಕ್ಕು ದೊರೆಯುವುದು ಸಾಮಾನ್ಯ ನಿಯಮ, ಮೊದಲು ಬಳಸಿದವನಿಗಲ್ಲ. ‘ನಿಮ್ಮ ಪರವಾಗಿ ನಾವೇ ನೋಂದಾಯಿಸುತ್ತೇವೆ’ ಎಂದು ಏಜೆಂಟನು ಮುಂದೆ ಬಂದಲ್ಲಿ, ಅರ್ಜಿಯು ತಯಾರಕನ ಹೆಸರಿನಲ್ಲಿಯೇ ಇರಬೇಕೆಂದು ಕರಾರಿನಲ್ಲಿ ಬರೆಸತಕ್ಕದ್ದು. ಇಲ್ಲವಾದಲ್ಲಿ ತನ್ನದೇ ಸೀರೆಯನ್ನು ತನ್ನದೇ ಹೆಸರಿನಲ್ಲಿ ಅಲ್ಲಿ ಮಾರಲು ನೇಕಾರನು ಏಜೆಂಟನ ಅನುಮತಿ ಕೇಳಬೇಕಾದೀತು. ಏಜೆಂಟನು ಅನುಮತಿಯಿಲ್ಲದೆ ನೋಂದಾಯಿಸಿದ್ದರೆ ಪ್ಯಾರಿಸ್ ಒಡಂಬಡಿಕೆಯ ಅನುಸಾರ ಆಕ್ಷೇಪಿಸಲು ಅವಕಾಶವಿದೆ. ಅದಕ್ಕೆ ಹಳೆಯ ಬಿಲ್ಲುಗಳು, ಪತ್ರ ವ್ಯವಹಾರ, ರವಾನೆಯ ದಾಖಲೆಗಳೇ ಸಾಕ್ಷಿ; ಅವನ್ನು ಕಾಯ್ದಿರಿಸಬೇಕು.

ಹೊಸ ವಿನ್ಯಾಸಗಳು

ಪರಂಪರೆಯ ಬುಟ್ಟಾ, ಅಂಚು ಯಾರೊಬ್ಬರ ಸ್ವತ್ತೂ ಅಲ್ಲ. ಹೊಸದಾಗಿ ರಚಿಸಿದ ವಿನ್ಯಾಸವನ್ನು ಮಾತ್ರ ವಿನ್ಯಾಸಗಳ ಕಾಯ್ದೆ 2000ರಡಿ ನೋಂದಾಯಿಸಬಹುದು. ರಕ್ಷಣೆ 10 ವರ್ಷ, ಬಳಿಕ 5 ವರ್ಷ ವಿಸ್ತರಣೆ. ಅರ್ಜಿಗೆ ಮುನ್ನವೇ ಮೇಳದಲ್ಲಿ ಪ್ರದರ್ಶಿಸಿದರೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಖರೀದಿದಾರರಿಗೆ ಹಂಚಿದರೆ ಹೊಸತನ ಹೋಗಿ ಅರ್ಜಿ ತಿರಸ್ಕೃತವಾಗಬಹುದು. ಭಾರತದಲ್ಲಿ ಅರ್ಜಿ ಸಲ್ಲಿಸಿದ 6 ತಿಂಗಳೊಳಗೆ ಪ್ಯಾರಿಸ್ ಒಡಂಬಡಿಕೆಯ ಇತರ ದೇಶಗಳಲ್ಲಿ ಅರ್ಜಿ ಹಾಕಿದರೆ ಇಲ್ಲಿನ ದಿನಾಂಕವೇ ಅಲ್ಲಿಯೂ ಪರಿಗಣಿತವಾಗುತ್ತದೆ. ವಾಣಿಜ್ಯ ಚಿಹ್ನೆಗೂ ಇದೇ ಅವಧಿ.

ರೇಷ್ಮೆಯ ಶುದ್ಧತೆಯನ್ನು ಸಾರುವ ಸಿಲ್ಕ್ ಮಾರ್ಕ್ ಮತ್ತು 2006ರ ಹ್ಯಾಂಡ್‌ಲೂಮ್ ಮಾರ್ಕ್ ಖರೀದಿದಾರರ ವಿಶ್ವಾಸಕ್ಕೆ ಸಹಕಾರಿ. ಅವು ಮೇಲ್ಕಂಡ ನೋಂದಣಿಗಳಿಗೆ ಬದಲಿಯಲ್ಲ. ಶುಲ್ಕ ಮರುಪಾವತಿ ಯೋಜನೆಗಳ ಸದ್ಯದ ಸ್ಥಿತಿಯನ್ನು ಅರ್ಜಿದಾರರು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಉದ್ಯಮ ನೋಂದಣಿ ಪತ್ರದೊಂದಿಗೆ, ವಿಚಾರಿಸಬಹುದು.