ಬಂಕಾಪುರದ ಸಮಾಧಿಮರಣ, ಬೆಳ್ಗೊಳದ ಸ್ಮಾರಕಸ್ತಂಭ

ಊರಿನ ವೃತ್ತಗಳಲ್ಲಿ ಮಹಾಪುರುಷರ ಪ್ರತಿಮೆಗಳನ್ನು ನಿಲ್ಲಿಸಿ ಗೌರವಿಸುವುದು ಇಂದಿನ ವಾಡಿಕೆ. ಜನರು ನೆರೆದು ಹಾದುಹೋಗುವ ತಾಣದಲ್ಲಿ ಹಿರಿಯರ ನೆನಪನ್ನು ನೆಲೆಗೊಳಿಸುವ ಈ ಪದ್ಧತಿ ಕನ್ನಡ ನಾಡಿಗೆ ಹೊಸತಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ, ಬಸದಿಗಳ ಪ್ರಾಕಾರದ ದಕ್ಷಿಣ ದ್ವಾರದ ಬಳಿ ನಿಂತಿರುವ ಕೂಗೆ ಬ್ರಹ್ಮದೇವರ ಕಂಬವು ಅಂತಹ ಒಂದು ಪ್ರಾಚೀನ ಸ್ಮಾರಕ. ಅದು ಸಾರುವ ಚರಿತ್ರೆಯ ಕೊನೆಯ ಅಧ್ಯಾಯ ನಡೆದುದು ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ.

ಈ ಕಂಬದ ಶಾಸನವು ಗಂಗದೊರೆ ಇಮ್ಮಡಿ ಮಾರಸಿಂಹನ ಕೀರ್ತಿಯನ್ನು ವರ್ಣಿಸುತ್ತದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗುರ್ಜರ ದೇಶವನ್ನು ಜಯಿಸಿದುದು, ಉಚ್ಚಂಗಿಯ ಕೋಟೆಯನ್ನು ವಶಪಡಿಸಿಕೊಂಡುದು, ‘ನೊಳಂಬಕುಲಾಂತಕ’ನೆನಿಸಿದುದು ಇವೆಲ್ಲ ಅಲ್ಲಿ ಉಕ್ತವಾಗಿವೆ. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟ ಪ್ರಭುತ್ವ ಕುಸಿದಾಗ, ಇಂದ್ರನಿಗೆ ಪಟ್ಟಗಟ್ಟಿ ಆ ವಂಶವನ್ನು ಎತ್ತಿ ನಿಲ್ಲಿಸಲು ಯತ್ನಿಸಿದವನೂ ಇವನೇ. ಅನೇಕ ಸ್ಥಳಗಳಲ್ಲಿ ಬಸದಿಗಳನ್ನೂ ಮಾನಸ್ತಂಭಗಳನ್ನೂ ಕಟ್ಟಿಸಿದನೆಂದೂ ಶಾಸನ ಹೇಳುತ್ತದೆ. ಅಂತ್ಯದಲ್ಲಿ ಅವನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತವನ್ನು ನೋಂತು ಕ್ರಿ.ಶ. 974ರ ಸುಮಾರಿಗೆ ದೇಹವನ್ನು ವಿಸರ್ಜಿಸಿದನು.

ಬಂಕಾಪುರವನ್ನೇ ಅವನು ಆಶ್ರಯಿಸಿದುದು ಸಹಜವಾಗಿತ್ತು. ಬಂಕೇಯನ ಹೆಸರಿನಿಂದ ಪ್ರಸಿದ್ಧವಾದ ಈ ಪಟ್ಟಣ ಅವನ ಮಗ ಲೋಕಾದಿತ್ಯನ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಕ್ರಿ.ಶ. 898ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದುದು ಇಲ್ಲಿಯೇ. ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳಾದವರು ಇದೇ ಅಜಿತಸೇನರು. ಅರಸನ ದಂಡನಾಯಕನಾಗಿದ್ದ ಚಾವುಂಡರಾಯನು ಕೆಲವೇ ವರ್ಷಗಳ ತರುವಾಯ ಎದುರಿನ ದೊಡ್ಡಬೆಟ್ಟದಲ್ಲಿ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದನು. ಮಾರಸಿಂಹನು ಪಟ್ಟಗಟ್ಟಿದ ಇಂದ್ರನೂ ಕ್ರಿ.ಶ. 982ರಲ್ಲಿ ಬೆಳ್ಗೊಳದಲ್ಲಿ ಸಲ್ಲೇಖನ ವ್ರತದಿಂದ ಮುಡಿಪಿದನು.

ಒಂದು ಸಂಗತಿ ಇಲ್ಲಿ ವಿಶೇಷವಾಗಿ ಗಮನಾರ್ಹ. ಕಂಬದ ತುದಿಯಲ್ಲಿ ಪೂರ್ವಾಭಿಮುಖವಾಗಿ ಕುಳಿತಿರುವ ಮೂರ್ತಿ ಅರಸನದಲ್ಲ, ಬ್ರಹ್ಮದೇವನದು. ಯಾರ ಸ್ಮರಣೆಗೆ ಕಂಬ ಸಂದಿತೋ ಅವನ ರೂಪ ಅಲ್ಲಿಲ್ಲ. ಶಾಸನವು ಅವನ ವಿಜಯಗಳನ್ನೆಲ್ಲ ಎಣಿಸಿ, ರಾಜ್ಯತ್ಯಾಗದಲ್ಲಿ ಬಂದು ನಿಲ್ಲುತ್ತದೆ. ಗೆದ್ದ ನಾಡುಗಳು ಪರರ ಪಾಲಾದವು, ಎತ್ತಿ ನಿಲ್ಲಿಸಬಯಸಿದ ಸಾಮ್ರಾಜ್ಯವೂ ಉಳಿಯಲಿಲ್ಲ. ಉಳಿದುದು ಬಂಕಾಪುರದ ಆ ಮೂರು ದಿನಗಳ ಪುಣ್ಯಸ್ಮರಣೆ. ಇಂದು ಕೋಟೆಗೂ ನಗರೇಶ್ವರ ದೇವಾಲಯಕ್ಕೂ ನವಿಲುಧಾಮಕ್ಕೂ ಹೆಸರಾಗಿರುವ ಬಂಕಾಪುರವನ್ನು ಸಂದರ್ಶಿಸುವ ಶ್ರಾವಕರು ಈ ಮಹನೀಯನನ್ನೂ ಅವನ ಗುರುವನ್ನೂ ನೆನೆಯುವುದು ಉಚಿತ.