ಬಳಪದ ಕಲ್ಲು: ವಸ್ತುಗುಣ, ಶಿಲ್ಪ ಮತ್ತು ಜನಪದ ಬಳಕೆ

ದಂಡಿಗನಹಳ್ಳಿ, ನುಗ್ಗೇಹಳ್ಳಿ, ಶ್ರವಣಬೆಳಗೊಳ ಹೋಬಳಿಗಳನ್ನು ಒಳಗೊಂಡ ಚನ್ನರಾಯಪಟ್ಟಣ ತಾಲ್ಲೂಕು ಕರ್ನಾಟಕದ ಶಿಲ್ಪೇತಿಹಾಸದಲ್ಲಿ ಗಮನಾರ್ಹವಾದ ಪ್ರದೇಶ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ವಿಂಧ್ಯಗಿರಿಯಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟ ಮೂರ್ತಿ ಕಣಶಿಲೆಯದು. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಬಳಪದ ಕಲ್ಲಿನದು. ಇವೆರಡರ ಅಂತರವನ್ನು ಧರ್ಮ, ರಾಜವಂಶ, ಶೈಲಿಗಳ ನೆಲೆಯಲ್ಲಿ ವಿವರಿಸುವುದು ವಾಡಿಕೆ. ಕಲ್ಲಿನ ಗುಣವನ್ನೂ ಒಂದು ಐತಿಹಾಸಿಕ ಆಕರವೆಂದು ಪರಿಗಣಿಸುವುದು ಅಗತ್ಯವಾಗಿದೆ.

ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಗುರುತಿಸುವ ಕ್ರಮವನ್ನು ಫ್ರೆಡರಿಕ್ ಮೋಸ್ 1812ರಲ್ಲಿ ರೂಪಿಸಿದನು. ಅದರಲ್ಲಿ ಟಾಲ್ಕ್ ಖನಿಜದ ಸ್ಥಾನ 1. ಕಣಶಿಲೆಯಲ್ಲಿರುವ ಬೆಣಚಿನ ಸ್ಥಾನ 7. ಟಾಲ್ಕ್ ಹೆಚ್ಚಾಗಿರುವ ಬಳಪದ ಕಲ್ಲನ್ನು ಉಗುರಿನಿಂದಲೂ ಗೀರಬಹುದು. ಇದರ ಕಣಗಳು ಸೂಕ್ಷ್ಮವಾಗಿರುವುದರಿಂದ ಉಳಿಯ ಪೆಟ್ಟಿಗೆ ಚಕ್ಕೆಯೇಳದೆ ಸಣ್ಣ ಕುಸುರಿಗೂ ಒದಗುತ್ತದೆ. ಉಜ್ಜಿದರೆ ಹೊಳಪನ್ನು ತಾಳುತ್ತದೆ. 1117ರ ಬೇಲೂರಿನ ಚೆನ್ನಕೇಶವ ದೇವಾಲಯದ ತಿರುಗಣಿ ಕಂಬಗಳು ಸಾಧ್ಯವಾದದ್ದು ಈ ಗುಣದಿಂದಲೇ. ಗಡಸು ಕಣಶಿಲೆಯಾದರೋ ವಿಸ್ತಾರವಾದ ನಯ ಮೈಯನ್ನೂ ಮಳೆಬಿಸಿಲುಗಳನ್ನು ತಾಳುವ ಶಕ್ತಿಯನ್ನೂ ಒದಗಿಸಿತು.

ಜನಪದರು ಈ ಗುಣಗಳನ್ನು ಬಳಕೆಯಿಂದಲೇ ಅರಿತಿದ್ದರು. ಬರೆಯುವ ಬಳಪವಾದುದರಿಂದ ಕಲ್ಲಿಗೆ ಆ ಹೆಸರು ಬಂದಿತು. ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು ಸಿದ್ಧಪಡಿಸಿದ ಕಡತಗಳ ಮೇಲೆ ಲೆಕ್ಕಪತ್ರಗಳನ್ನು ಬರೆದದ್ದು ಇದರಿಂದಲೇ. ಹುಳಿ ಉಪ್ಪುಗಳಿಗೆ ಕೆಡದ ಕಾರಣ ಉಪ್ಪಿನಕಾಯಿಗೆ ಕಲ್ಲುಮರಿಗೆಯೂ, ಕಾವನ್ನು ಬಹುಹೊತ್ತು ಹಿಡಿದಿಡುವ ಕಾರಣ ಅಡುಗೆಗೆ ಕಲ್ಲಿನ ಪಾತ್ರೆಯೂ ಬಂದವು. ಶಿಲ್ಪಶಾಸ್ತ್ರಗಳು ಶಿಲೆಯನ್ನು ಪುರುಷ, ಸ್ತ್ರೀ, ನಪುಂಸಕವೆಂದು ವಿಂಗಡಿಸುವಾಗ ಪೆಟ್ಟಿಗೆ ಹೊಮ್ಮುವ ನಾದವನ್ನು ಲಕ್ಷಣವಾಗಿ ಪರಿಗಣಿಸಿರುವುದೂ ಇಂತಹ ಅನುಭವದ ಶಾಸ್ತ್ರೀಕರಣವೇ.

ಹಾಗೆಂದು ಹೊಯ್ಸಳ ಶಿಲ್ಪದ ಶ್ರೇಯಸ್ಸನ್ನೆಲ್ಲ ಕಲ್ಲಿನ ಮೃದುತ್ವಕ್ಕೆ ಸಲ್ಲಿಸುವುದು ಸರಿಯಲ್ಲ. ಅದೇ ಕಲ್ಲು ಒಬ್ಬನ ಕೈಯಲ್ಲಿ ಮರಿಗೆಯಾಯಿತು, ಇನ್ನೊಬ್ಬನ ಕೈಯಲ್ಲಿ ಮೂರ್ತಿಯಾಯಿತು. ನುಗ್ಗೇಹಳ್ಳಿಯ ಶಿಲ್ಪಗಳ ಮೇಲೆ ಬೈಚೋಜ, ಮಲ್ಲಿತಮ್ಮ ಎಂಬ ರೂವಾರಿಗಳ ಹೆಸರುಗಳಿರುವುದು ಆ ಕೈಗಳಿಗೆ ಸಾಕ್ಷಿ. ವಸ್ತುಗುಣವು ಸಾಧ್ಯತೆಯನ್ನು ಒದಗಿಸುತ್ತದೆ. ಕೃತಿಯನ್ನು ರೂಪಿಸುವುದು ಪರಂಪರೆಯ ತಿಳಿವಳಿಕೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿವೆ. ಕಟ್ಟಡಗಳಿಗೆ ದೊರೆತಿರುವ ಈ ರಕ್ಷಣೆ ಕಲ್ಲುಕುಟಿಗರ ಪದಸಂಪತ್ತಿಗೂ ಕಲ್ಲುಪರೀಕ್ಷೆಯ ಅರಿವಿಗೂ ವಿಸ್ತರಿಸಬೇಕು. ಲೋಹ, ಪ್ಲಾಸ್ಟಿಕ್ಕುಗಳ ಮುಂದೆ ಕಲ್ಲುಮರಿಗೆ ಹಿಂದೆ ಸರಿದಂತೆ ಅದನ್ನು ಕುರಿತ ಮಾತೂ ಮರೆಯಾಗುತ್ತದೆ. ಆ ಮಾತು ಯಾವ ಶಾಸನದಲ್ಲಿಯೂ ದೊರೆಯುವಂಥದಲ್ಲ.